ಸಣ್ಣಜ್ಜನ ಕಡತ

ವಂಶಾವಳಿ ಬರೆಯಲು ಕೂತವರು ಅಪ್ಪ, ಅಜ್ಜ, ಮುತ್ತಜ್ಜ ಎಂದು ನೆಟ್ಟಗೆ ಮೇಲಕ್ಕೆ ಹೋಗುತ್ತಾರೆ. ದಾವಣಗೆರೆ, ಹರಿಹರ ಸೀಮೆಯ ಬಹುಪಾಲು ಮನೆಗಳಲ್ಲಿ ಈ ದಾರಿ ಮೂರನೆಯ ಇಲ್ಲವೇ ನಾಲ್ಕನೆಯ ಹೆಸರಿಗೆ ನಿಂತುಬಿಡುತ್ತದೆ. ಹಳೆಯ ಕೈಬರಹದ ಪಹಣಿಯಲ್ಲಿ ಹೆಸರೇನೋ ಇರುತ್ತದೆ. ಆದರೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಊರಿನಲ್ಲಿ ಒಂದೇ ಹೆಸರಿನವರು ಐದಾರು ಮಂದಿ, ಅವರಲ್ಲಿ ನಮ್ಮವರು ಯಾರೆಂದು ಹೇಳುವವರಿಲ್ಲ. ಅಲ್ಲಿಗೆ ಬಂದು ನಿಂತವರಿಗೆ ನನ್ನ ಸಲಹೆ ಇಷ್ಟೇ: ಮುತ್ತಜ್ಜನನ್ನು ಸ್ವಲ್ಪ ಕಾಲ ಬಿಟ್ಟುಬಿಡಿ, ಅವನ ಒಡಹುಟ್ಟಿದವರ ಬೆನ್ನು ಹತ್ತಿ. ಅದರಲ್ಲೂ ಮಕ್ಕಳಿಲ್ಲದೆ ತೀರಿಕೊಂಡ ತಮ್ಮನನ್ನು, ಗಂಡ ಹೋದ ಮೇಲೆ ತವರಿಗೆ ಮರಳಿದ ತಂಗಿಯನ್ನು ಮೊದಲು ಹುಡುಕಿ. ಅಪ್ಪನ ಹೊಲ ಮಗನಿಗೆ ಬರುವಾಗ ಯಾರೂ ಏನನ್ನೂ ರುಜುವಾತು ಮಾಡಬೇಕಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಶಾನುಭೋಗರು ಲೆಕ್ಕದಲ್ಲಿ ಹೆಸರು ತಿದ್ದಿದರೆ ಮುಗಿಯಿತು. ಆಸ್ತಿ ಅಡ್ಡಕ್ಕೆ ಹರಿದಾಗ, ಅಂದರೆ ತಮ್ಮನಿಂದ ಅಣ್ಣನ ಮಕ್ಕಳಿಗೆ, ಅತ್ತೆಯಿಂದ ಸೋದರಳಿಯನಿಗೆ ಬಂದಾಗ, ಯಾರು ಯಾರಿಗೆ ಏನಾಗಬೇಕೆಂದು ಬಿಡಿಸಿ ಬರೆಯಬೇಕಾಯಿತು. ಸಂಶಯ ಬಂದ ಕಡೆಯೇ ಕಾಗದ ಹುಟ್ಟಿತು.

ಕಾನೂನಿನ ಲೆಕ್ಕಾಚಾರ ನೋಡಿದರೆ ಇದು ಇನ್ನೂ ಸ್ಪಷ್ಟ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಮೊದಲಾದ ಮೊದಲ ವರ್ಗದ ವಾರಸುದಾರರಿಲ್ಲದ ಗಂಡಸಿನ ಆಸ್ತಿ ತಂದೆಗೆ ಹೋಗುತ್ತದೆ, ಅವನೂ ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಅಣ್ಣತಮ್ಮ, ಅಕ್ಕತಂಗಿಯರು ಬರುತ್ತಾರೆ. ಮಕ್ಕಳಿಲ್ಲದ ಹೆಂಗಸು ತೀರಿಕೊಂಡರೆ, 15ನೇ ಕಲಂ ಪ್ರಕಾರ ತಂದೆತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೆ, ಗಂಡ ಅಥವಾ ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ. ಹೀಗಾಗಿ ಒಬ್ಬಳ ಸಾವಿಗೆ ಎರಡು ಮನೆತನಗಳು ತಮ್ಮ ತಮ್ಮ ವಂಶಾವಳಿ ಬರೆದು ಕಚೇರಿಗೆ ಕೊಡುತ್ತವೆ! 1956ಕ್ಕಿಂತ ಹಿಂದಿನ ಕಾಲವಂತೂ ಶೋಧಕರಿಗೆ ಹಬ್ಬ. ಗಂಡನ ಆಸ್ತಿಯ ಮೇಲೆ ವಿಧವೆಗಿದ್ದದ್ದು ಸಾಮಾನ್ಯವಾಗಿ ಬದುಕಿರುವವರೆಗಿನ ಸೀಮಿತ ಹಕ್ಕು. ಅವಳ ಕಾಲಾನಂತರ ಗಂಡನ ಕಡೆಯ ದೂರದ ದಾಯಾದಿಗಳು ದಾವಾ ಹೂಡುತ್ತಿದ್ದರು, ದಾವಾ ಅರ್ಜಿಯ ಜೊತೆ ಮೂರು ನಾಲ್ಕು ತಲೆಮಾರಿನ ಮರವನ್ನೇ ಲಗತ್ತಿಸುತ್ತಿದ್ದರು. ಅವಳು ದತ್ತು ತೆಗೆದುಕೊಂಡಿದ್ದರೆ ಅದರ ಸಿಂಧುತ್ವದ ಮೇಲೆ ಇನ್ನೊಂದು ವ್ಯಾಜ್ಯ. ಉಪನೋಂದಣಾಧಿಕಾರಿ ಕಚೇರಿಯ 3ನೇ ಪುಸ್ತಕ ಇರುವುದೇ ಮರಣಶಾಸನ ಮತ್ತು ದತ್ತು ಸ್ವೀಕಾರದ ಅಧಿಕಾರಪತ್ರಗಳಿಗಾಗಿ. ಬರೆದುಕೊಟ್ಟವರು ತೀರಿಕೊಂಡ ಮೇಲೆ ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು. ಇಸಿ ತೆಗೆಸಿ ಕ್ರಯಪತ್ರಗಳನ್ನಷ್ಟೇ ನೋಡಿ ಬರುವವರಿಗೆ ಈ ಪುಸ್ತಕದ ನೆನಪೇ ಆಗುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಒಟ್ಟು ಕುಟುಂಬದಲ್ಲಿ ಪಾಲಾಗದೆ ಸತ್ತ ಮಕ್ಕಳಿಲ್ಲದ ತಮ್ಮನ ಹಕ್ಕು, ಮಿತಾಕ್ಷರ ನ್ಯಾಯದ ಪ್ರಕಾರ, ಸದ್ದಿಲ್ಲದೆ ಉಳಿದವರಲ್ಲಿ ಕರಗಿಹೋಗುತ್ತಿತ್ತು. ಅವನಿಗೆ ಪೌತಿ ಖಾತೆಯೂ ಇಲ್ಲ, ದಾವಾ ಇಲ್ಲ, ಯಜಮಾನ ಅಣ್ಣನ ಹೆಸರಿನ ಹಿಂದೆ ಅವನು ಬದುಕಿದ್ದನೆಂಬ ಗುರುತೂ ಇಲ್ಲ ಎನ್ನುವುದು. ಒಪ್ಪತಕ್ಕ ಮಾತೇ. ಆದರೆ ದಾವಣಗೆರೆ, ಹರಿಹರಗಳಿಗೆ ಇದು 1933ರವರೆಗೆ ಮಾತ್ರ ಪೂರ್ತಿ ಸರಿ. ಆ ವರ್ಷದ ಮೈಸೂರು ಸಂಸ್ಥಾನದ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ, ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ, ಮದುವೆಯಾಗದ ಅಕ್ಕತಂಗಿಯರಿಗೆ, ಗಂಡುಸಂತಾನವಿಲ್ಲದೆ ಮೊದಲೇ ಸತ್ತ ಸಹೋದರನ ವಿಧವೆಗೆ ಮತ್ತು ಅವನ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನ ಹಕ್ಕು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಇಂಥದ್ದೊಂದು ಕಾಯ್ದೆ ಬರಲು 1937 ಆಗಬೇಕಾಯಿತು, ಅದೂ ಮುಖ್ಯವಾಗಿ ವಿಧವೆಯರಿಗೆ. ಆದ್ದರಿಂದ 1933ರಿಂದ 1956ರ ನಡುವಿನ ಪಾಲುಪಟ್ಟಿ ಮನೆಯ ಟ್ರಂಕಿನಲ್ಲಿದ್ದರೆ ಅದನ್ನು ಎರಡು ಸಲ ಓದಬೇಕು. ಅಲ್ಲಿ ಜೀವನಾಂಶಕ್ಕೋ ಪಾಲಿಗೋ ಹೆಸರು ಬಂದ ಒಬ್ಬ ಸೊಸೆಯ ಮುಂದೆ ‘ಕೋಂ’ (ಇಂಥವನ ಹೆಂಡತಿ) ಎಂದು ಬರೆದಿರುವ ಹೆಸರೇ, ಬೇರೆಲ್ಲೂ ಕಾಣದ ಆ ತಮ್ಮ. ಹೊಳೆಯಾಚೆಯ ರಾಣೆಬೆನ್ನೂರಿನ ಪಾಲುಪಟ್ಟಿಯಲ್ಲಿ ಮದುವೆಯಾಗದ ತಂಗಿಗೆ ಅಂಥ ಪಾಲು ಸಿಗುವ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಹೊಳೆಯ ಮಾತು ಬಂದದ್ದರಿಂದ ಅದನ್ನು ಪೂರ್ತಿ ಹೇಳಿಯೇ ಮುಂದೆ ಹೋಗಬೇಕು, ಯಾಕೆಂದರೆ ಈ ಸೀಮೆಯ ವಂಶಶೋಧದ ಅರ್ಧ ಗೋಳು ತುಂಗಭದ್ರೆಯದು. ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರು. ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರಕ್ಕೆ ಸ್ವಲ್ಪ ನಡೆದರೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ. ಹೆಣ್ಣು ಕೊಟ್ಟು ತರುವ ಸಂಬಂಧಗಳಿಗೆ ಈ ಗಡಿ ಲೆಕ್ಕಕ್ಕಿರಲಿಲ್ಲ. 1868ರಲ್ಲಿ ಹರಿಹರದ ಸೇತುವೆಯಾಯಿತು, ಆ ಶತಮಾನ ಮುಗಿಯುವ ಮೊದಲೇ ರೈಲೂ ಬಂತು, ಓಡಾಟ ಇನ್ನಷ್ಟು ಸಲೀಸಾಯಿತು. ಒಂದೇ ತಾಯಿಯ ಮೂವರು ಮಕ್ಕಳು ಮೂರು ಸರ್ಕಾರಗಳ ದಫ್ತರದಲ್ಲಿ ಹಂಚಿಹೋದರು. ಹೆಸರಿನ ಪದ್ಧತಿಯೂ ಬದಲಾಯಿತು: ದಾವಣಗೆರೆಯಲ್ಲಿ ಉಳಿದ ಅಣ್ಣ ಊರಿನ, ಅಪ್ಪನ ಮೊದಲಕ್ಷರಗಳನ್ನು ಹೆಸರಿನ ಹಿಂದೆ ಹಾಕಿಕೊಂಡ, ಆಚೆ ದಡಕ್ಕೆ ಹೋದ ತಮ್ಮನಿಗೆ ಅಲ್ಲಿನವರು ‘ನವರ’ ಸೇರಿಸಿ ಅಡ್ಡಹೆಸರು ಕೊಟ್ಟರು. ಎರಡು ತಲೆಮಾರು ಕಳೆದ ಮೇಲೆ ಇವರಿಬ್ಬರ ಮೊಮ್ಮಕ್ಕಳನ್ನು ಯಾವ ಪಟ್ಟಿಯೂ ಒಂದೇ ಮನೆಯವರೆಂದು ಹೇಳುವುದಿಲ್ಲ. ಕಡತಗಳ ಊರೂ ಸ್ಥಿರವಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಾಗದಗಳಿಗೆ ಚಿತ್ರದುರ್ಗದಲ್ಲಿ ವಿಚಾರಿಸಬೇಕು. ಹರಪನಹಳ್ಳಿಯಂತೂ 1953ರಲ್ಲಿ ಮೈಸೂರಿಗೆ, 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಷ್ಟೆಲ್ಲ ಇದ್ದರೂ ಹೊಳೆ ದಾಟಿದ ಒಡಹುಟ್ಟು ನಷ್ಟವಲ್ಲ, ಲಾಭ ಎಂಬುದು ನನ್ನ ಅಭಿಪ್ರಾಯ. ಒಂದು ದಫ್ತರ ಹಾಳಾದರೆ ಇನ್ನೊಂದು ಉಳಿದಿರುತ್ತದೆ. ವಲಸೆ ಹೋದವನಿಗೆ ತಾನು ಎಲ್ಲಿಂದ ಬಂದೆನೆಂದು ಹೇಳಬೇಕಾದ ಸಂದರ್ಭವೂ ಹೆಚ್ಚು.

ಹೆಳವರು ಇದನ್ನು ಕಂದಾಯ ಇಲಾಖೆಗಿಂತ ಮೊದಲೇ ಕಂಡುಕೊಂಡಿದ್ದರು. ಎತ್ತಿನ ಜೊತೆ ಕೆಲವು ವರ್ಷಗಳಿಗೊಮ್ಮೆ ಬಂದು ಮನೆತನದ ಮೂಲಸ್ಥಳ, ಕವಲು, ಹೆಸರುಗಳನ್ನು ಹೇಳಿ ಕಾಳುಕಡಿ ಪಡೆಯುವ ಹೆಳವನಿಗೆ ಕವಲೊಡೆದ ಪ್ರತಿ ಅಣ್ಣತಮ್ಮನ ಮನೆಯೂ ದಾನ ಕೊಡುವ ಹೊಸ ಬಾಗಿಲು. ಹಾಗಾಗಿ ಯಾವ ತಮ್ಮ ಯಾವ ಊರಿಗೆ ಹೋದ ಎನ್ನುವುದನ್ನು ಅವನು ಮರೆಯುವಂತಿಲ್ಲ. ಆದರೆ ಅದೇ ಕಾರಣಕ್ಕೆ ಅವನ ಹೊತ್ತಿಗೆಯ ದೋಷವೂ ಊಹಿಸುವಂಥದ್ದೇ: ಒಲೆ ಆರಿದ ಮನೆ ಅವನಿಗೆ ಬೇಡ, ಹೆಣ್ಣುಮಕ್ಕಳು ಬೇರೆ ಹೆಳವನ ಒಕ್ಕಲಿಗೆ ಸೇರಿದವರು. ಕಚೇರಿಯ ಕಾಗದದಲ್ಲಿ ಗಟ್ಟಿಯಾಗಿ ಕಾಣುವ ಮಕ್ಕಳಿಲ್ಲದ ಸಣ್ಣಜ್ಜ ಹೆಳವನ ಬಾಯಲ್ಲಿ ಇರುವುದೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡವರಿಗೆ ಮಾತ್ರ ಪೂರ್ತಿ ಕುಟುಂಬ ಸಿಗುತ್ತದೆ.

‘ಹೆಣ್ಣುಮಕ್ಕಳು ಬೇರೆ ಮನೆಗೆ ಹೋದವರು, ಅವರನ್ನು ಹುಡುಕಿದರೆ ನಮ್ಮ ವಂಶದ ಬಗ್ಗೆ ಏನು ತಿಳಿಯುತ್ತದೆ?’ ಎಂದು ಕೇಳುವವರಿದ್ದಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಾಡಿನಲ್ಲಿ ಈ ಪ್ರಶ್ನೆಗೆ ಬಲವಿಲ್ಲ. ಮುತ್ತಜ್ಜನ ಅಕ್ಕನ ಮಗಳೇ ಮುತ್ತಜ್ಜನ ಹೆಂಡತಿ ಆಗಿದ್ದರೆ, ಆ ಅಕ್ಕ ಪಕ್ಕದ ಕವಲಲ್ಲ, ನೇರ ಪೂರ್ವಜೆಯೇ. ಯೂರೋಪಿನ ವಂಶಶೋಧದ ಕೈಪಿಡಿಗಳು ನೇರ ಸಾಲು, ಪಕ್ಕದ ಸಾಲು ಎಂದು ಗೆರೆ ಎಳೆಯುತ್ತವೆ. ಆ ಗೆರೆಯನ್ನು ಇಲ್ಲಿಗೆ ತಂದರೆ ಒಬ್ಬಳೇ ಹೆಂಗಸು ಮರದಲ್ಲಿ ಎರಡು ಕಡೆ ಎರಡು ಬೇರೆ ಜೀವಗಳಾಗಿ ಕೂರುತ್ತಾಳೆ.

ಹೊಲವೇ ಇಲ್ಲದವರ ಗತಿಯೇನು ಎಂಬ ಆಕ್ಷೇಪ ಇನ್ನೂ ನ್ಯಾಯವಾದದ್ದು. ಮೇಲೆ ಹೇಳಿದ್ದೆಲ್ಲ ಆಸ್ತಿವಂತರ ಕಥೆ. ಆದರೂ ಗೇಣಿದಾರರಿಗೆ 1974ರ ನಂತರದ ಭೂ ನ್ಯಾಯಮಂಡಳಿ ಕಡತಗಳಿವೆ. ಅಣ್ಣನೊಬ್ಬನೇ ಫಾರಂ ನಂಬರ್ 7 ಹಾಕಿ, ಗೇಣಿ ಇಡೀ ಕುಟುಂಬದ್ದೆಂದು ತಮ್ಮಂದಿರು ತಕರಾರು ತೆಗೆದ ಕಡತದಲ್ಲಿ, ಎಂದೂ ಪಹಣಿ ಕಾಣದ ಮನೆಯ ಒಡಹುಟ್ಟಿದವರೆಲ್ಲ ಹೇಳಿಕೆಗಳ ಸಮೇತ ಸಿಗುತ್ತಾರೆ. ದಾವಣಗೆರೆಯ ಹತ್ತಿ ಗಿರಣಿಗಳಿಗೆ, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ಗೆ ಸೇರಿದ ತಮ್ಮನಿಗೆ ಭವಿಷ್ಯನಿಧಿಯ ನಾಮಿನಿ ಪತ್ರವಿರುತ್ತದೆ. ಮದುವೆಯಾಗದವನಾದರೆ ಅಲ್ಲಿ ತಾಯಿಯ ಹೆಸರೋ ಅಣ್ಣನ ಹೆಸರೋ ಇರುವ ಸಂಭವ ಹೆಚ್ಚು. ಎಲ್ಲಕ್ಕಿಂತ ಕೈಗೆಟುಕುವುದು ಶಾಲೆಯ ದಾಖಲಾತಿ ರಿಜಿಸ್ಟರ್. ಜಾತಿ ಪ್ರಮಾಣಪತ್ರಕ್ಕಾಗಿ ಅಜ್ಜನ ತಮ್ಮನ ಶಾಲೆ ಹುಡುಕಿ ಹೊರಟ ಕುಟುಂಬಗಳು ತಮಗೆ ಗೊತ್ತಿಲ್ಲದೆಯೇ ಈ ವಿದ್ಯೆಯ ಅಭ್ಯಾಸಿಗಳು. ಅಲ್ಲಿನ ಹುಟ್ಟಿದ ದಿನ ಮಾತ್ರ ಮೇಷ್ಟರ ಅಂದಾಜು. ಒಬ್ಬನದು ಜೂನ್ 1, ಅವನ ತಂಗಿಯದು ಅದಾದ ಐದು ತಿಂಗಳಿಗೆ ಎಂದಿದ್ದರೆ ಆಶ್ಚರ್ಯಪಡಬೇಕಿಲ್ಲ. ಒಂಟಿ ಹೆಸರಿನ ಮುಂದೆ ಬಯಲಾಗದ ತಪ್ಪು ಒಡಹುಟ್ಟಿದವರನ್ನು ಜೋಡಿಸಿದೊಡನೆ ಬಯಲಾಗುತ್ತದೆ.

ಕುಟುಂಬವೂ ಬೇಡ, ಆಸ್ತಿಯೂ ಬೇಡ ಎಂದು ಹೊರಟವರದು ಇನ್ನೊಂದು ಬಗೆ. ಹರ್ಡೇಕರ್ ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಹುಟ್ಟಿ, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದರು. 1913ರಲ್ಲಿ ಅದೇ ಊರಿನಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಕೊನೆಯವರೆಗೂ ಬ್ರಹ್ಮಚಾರಿ. ಮಕ್ಕಳಿಂದ ಮೇಲಕ್ಕೆ ಬರೆಯುವ ಯಾವ ವಂಶವೃಕ್ಷದಲ್ಲೂ ಅವರಿಗೆ ಜಾಗವಿಲ್ಲ, ಯಾರ ಮುತ್ತಜ್ಜನೂ ಅವರಾಗಲಾರರು. ಆದರೆ ಅವರು ಬಿಟ್ಟುಹೋದಷ್ಟು ಬರಹವನ್ನು ಆ ಕಾಲದ ಎಷ್ಟು ಮುತ್ತಜ್ಜಂದಿರು ಬಿಟ್ಟಿದ್ದಾರು?

ಸಿಕ್ಕ ಕಾಗದವನ್ನೆಲ್ಲ ನಂಬುವಂತಿಲ್ಲ ಎಂಬುದು ಕೊನೆಯ ತಕರಾರು. ಪಾಲಿಗಾಗಿ ಬರೆದ ವಂಶಾವಳಿಯಲ್ಲಿ ಪಾಲು ಕೇಳುವವರನ್ನು ಬಿಟ್ಟಿರುವುದು ಮಾಮೂಲು. ಇದಕ್ಕೆ ಒಳ್ಳೆಯ ತೂಕದ ಕಲ್ಲು ನ್ಯಾಯಾಲಯದಲ್ಲೇ ಇದೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಂ, ನಂಟಸ್ತಿಕೆಯ ಬಗ್ಗೆ ಸತ್ತವರು ಹೇಳಿದ್ದ ಮಾತನ್ನು ಒಪ್ಪಲು ಆ ಮಾತು ವ್ಯಾಜ್ಯ ಹುಟ್ಟುವ ಮೊದಲೇ ಹೇಳಿದ್ದಾಗಿರಬೇಕು ಎನ್ನುತ್ತಿತ್ತು. ಹವ್ಯಾಸಿಗಳೂ ಅಷ್ಟೇ ಕಟ್ಟುನಿಟ್ಟಾಗಿರಬೇಕು. ಜಗಳದ ಕಾಗದದಲ್ಲಿ ಹೆಸರುಗಳನ್ನು ಗುರುತುಮಾಡಿಕೊಂಡು, ಸಂಬಂಧವನ್ನು ಜಗಳಕ್ಕಿಂತ ಹಿಂದಿನ ಕಾಗದದಲ್ಲಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ, ಹೊಲದ ನಾಲ್ಕೂ ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಷ್ಟು ನಿರ್ಲಿಪ್ತ ಸಾಕ್ಷಿ ಇನ್ನೊಂದಿಲ್ಲ. ಪಾಲಾದ ಅಣ್ಣತಮ್ಮಂದಿರ ತುಂಡುಗಳು ಒತ್ತಿಕೊಂಡೇ ಇರುವುದರಿಂದ, ಒಂದು ಪತ್ರವನ್ನೂ ಬರೆದುಕೊಡದ ತಮ್ಮ ಅಣ್ಣನ ಕ್ರಯಪತ್ರದ ಮೂಡಲ ಗಡಿಯಲ್ಲಿ ಸಿಕ್ಕಿಬೀಳುತ್ತಾನೆ. ಪಕ್ಕದ ಹೊಲದ ಪತ್ರಗಳನ್ನು ವರ್ಷವಾರು ಜೋಡಿಸಿದರೆ ಅವನ ಹೆಸರು ಯಾವಾಗ ಬಂತು, ಯಾವಾಗ ಬಿಟ್ಟುಹೋಯಿತು ಎಂಬ ಅಂದಾಜು ಸಿಗುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ. ಪತ್ರ ಬರೆಯುವವರು ಹಳೆಯ ಪತ್ರದ ಚಕ್ಕುಬಂದಿಯನ್ನೇ ನಕಲು ಮಾಡುವುದು ರೂಢಿ. ಸತ್ತು ಎಷ್ಟೋ ವರ್ಷವಾದವನೂ ಗಡಿಯಲ್ಲಿ ಹಾಗೇ ಇರುತ್ತಾನೆ. ಪೋಡಿಯಾದಾಗಿನ ಹಿಸ್ಸಾ ಟಿಪ್ಪಣಿಯ ಜೊತೆ ತಾಳೆ ನೋಡುವವರೆಗೆ ಅವನ ಹೆಸರಿನ ಮುಂದೆ ಸಾವಿನ ವರ್ಷ ಬರೆಯಬೇಡಿ.