ಎಣ್ಣೆ ನಿಲ್ಲದ ದೀಪಗಳು

ಹೋದ ದೀಪಾವಳಿಗೆ ಆನ್‌ಲೈನ್‌ನಲ್ಲಿ ಒಂದು ದೀಪ ತರಿಸಿದೆ. ಹಿತ್ತಾಳೆಯದು, ನವಿಲಿನ ಆಕಾರದ್ದು. ಫೋಟೋದಲ್ಲಂತೂ ಕಣ್ಣು ಕೀಳೋಕಾಗಲ್ಲ, ಅಷ್ಟು ಚೆಂದ. ಅದನ್ನ ಡಬ್ಬದ ಸಮೇತ ಊರಿಗೆ ಹೊತ್ತುಕೊಂಡು ಹೋದೆ. ನಮ್ಮದು ಮಂಚೇನಹಳ್ಳಿ ಪಕ್ಕದ ಒಂದು ಸಣ್ಣ ಊರು. ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿದರೆ ಮಂಚೇನಹಳ್ಳಿ ದಾರಿಯಲ್ಲೇ ಸಿಗುತ್ತೆ, ಅಲ್ಲಿಂದ ಆಟೋ. ಅಮ್ಮ ದೀಪವನ್ನ ಕೈಗೆ ತಗೊಂಡು ನವಿಲನ್ನ ನೋಡಲೇ ಇಲ್ಲ. ಹೆಬ್ಬೆರಳನ್ನ ಬಟ್ಟಲೊಳಗೆ ಇಟ್ಟು ನೋಡಿದಳು. ಉಗುರು ಮುಳುಗುವಷ್ಟೂ ಆಳ ಇರಲಿಲ್ಲ.

"ಏನೇ ಇದು, ಎಣ್ಣೆ ಎಲ್ಲಿ ಹಾಕೋದು?"

ಆದರೂ ಹಚ್ಚಿದೆವು. ಒಂದು ಚಮಚ ಎಣ್ಣೆ ಹಿಡಿಯಿತು. ಹತ್ತು ನಿಮಿಷದೊಳಗೆ ಬತ್ತಿಯ ತುದಿಯಿಂದ ಎಣ್ಣೆ ಬಟ್ಟಲಿನ ಹೊರಮೈ ಮೇಲೆ ಇಳಿದು ಟೈಲ್ಸ್ ಮೇಲೆ ಜಿಡ್ಡು. ಜ್ವಾಲೆಯ ನೇರ ಮೇಲಕ್ಕೆ ಬಾಗಿದ್ದ ನವಿಲಿನ ಗರಿ ಕಪ್ಪಗಾಯಿತು. ಏನೋ ಸುಟ್ಟ ವಾಸನೆ ಬೇರೆ. ಹೊಳಪಿಗೆ ಅಂತ ಬಳಿದಿದ್ದ ಲ್ಯಾಕರ್ ಅದು. ಮಾರನೇ ದಿನ ಅಮ್ಮ ಹುಣಿಸೆಹಣ್ಣು ಹಾಕಿ ತಿಕ್ಕಿದಳು, ಲ್ಯಾಕರ್ ಅರ್ಧ ಕಿತ್ತು ಬಂದು ನವಿಲಿಗೆ ತೊನ್ನು ಹತ್ತಿದ ಹಾಗಾಯಿತು.

ನಾವು ಫೋನ್ ತಗೊಳ್ಳೋಕೆ ಮುಂಚೆ ಇಪ್ಪತ್ತು ರಿವ್ಯೂ ಓದ್ತೀವಿ. ಬಿರಿಯಾನಿಗೆ, ಹೆಡ್‌ಫೋನಿಗೆ, ಪೀಜಿಯ ಬಾತ್‌ರೂಮಿಗೆ ಸ್ಟಾರ್ ಕೊಡ್ತೀವಿ. ದೀಪದ ವಿಷಯ ಬಂದಾಗ ಮಾತ್ರ "ಬ್ಯೂಟಿಫುಲ್ ಪೀಸ್, ಪೂಜಾ ರೂಮಿಗೆ ಒಳ್ಳೆ ಲುಕ್" ಅಂತ ಬರೆದು ಮುಗಿಸ್ತೀವಿ. ನಾನು ತರಿಸಿದ ನವಿಲಿಗೂ ನಾಲ್ಕೂವರೆ ಸ್ಟಾರ್ ಇತ್ತು. ಆ ಸ್ಟಾರ್ ಕೊಟ್ಟವರಲ್ಲಿ ಎಷ್ಟು ಜನ ಅದಕ್ಕೆ ಎಣ್ಣೆ ಹಾಕಿ ಹಚ್ಚಿದ್ದರೋ ಕಾಣೆ. ಆದ್ದರಿಂದ ಈ ಸಲ ದೀಪವನ್ನ ದೀಪ ಅಂತಲೇ ವಿಮರ್ಶೆ ಮಾಡೋಣ ಅಂದುಕೊಂಡೆ. ಅಳತೆಗೋಲು ಅಮ್ಮನ ಹೆಬ್ಬೆರಳು.

ಸುಮ್ಮನೆ ಒಂದು ಮಣ್ಣಿನ ಹಣತೆಯನ್ನ ಎತ್ತಿ ನೋಡಿ. (ನಮ್ಮ ಕಡೆ ತೆಲುಗೂ ಕನ್ನಡವೂ ಒಂದೇ ವಾಕ್ಯದಲ್ಲಿ ಓಡಾಡುತ್ತೆ, ಅಜ್ಜಿ ಇದನ್ನ ಪ್ರಮಿದ ಅನ್ನೋರು.) ಅಗಲ ಜಾಸ್ತಿ, ಆಳ ಕಮ್ಮಿ, ಒಂದು ಕಡೆ ಬೆರಳಲ್ಲಿ ಚಿವುಟಿದ ಮೂತಿ. ಕುಂಬಾರನಿಗೆ ಬೇರೆ ಆಕಾರ ಬರಲ್ಲ ಅಂತಲ್ಲ. ಹತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಎಣ್ಣೆ ತಾನೇ ಮೇಲಕ್ಕೆ ಹತ್ತುತ್ತೆ, ಆದರೆ ತುಂಬ ಎತ್ತರಕ್ಕೆ ಹತ್ತಲ್ಲ. ಬಟ್ಟಲು ಆಳವಾಗಿದ್ದರೆ ಎಣ್ಣೆ ಅರ್ಧಕ್ಕೆ ಇಳಿಯುತ್ತಿದ್ದ ಹಾಗೇ ಜ್ವಾಲೆ ಸೊರಗುತ್ತೆ. ಅಗಲವಾಗಿದ್ದರೆ ಎಣ್ಣೆಯ ಮಟ್ಟ ನಿಧಾನವಾಗಿ ಇಳಿಯುತ್ತೆ, ದೀಪ ಒಂದೇ ಸಮ ಉರಿಯುತ್ತೆ. ಮೂತಿ ಬತ್ತಿಯನ್ನ ಅಲ್ಲಾಡದ ಹಾಗೆ ಹಿಡಿಯುತ್ತೆ, ತೊಟ್ಟಿಕ್ಕಿದ ಎಣ್ಣೆಯನ್ನ ವಾಪಸ್ ಬಟ್ಟಲಿಗೇ ಕಳಿಸುತ್ತೆ. ಹರಳೆಣ್ಣೆ ಗಟ್ಟಿ, ಬತ್ತಿಯಲ್ಲಿ ಮೆಲ್ಲಗೆ ಹತ್ತುತ್ತೆ. ತುಪ್ಪ ಚಳಿಗೆ ಹೆಪ್ಪುಗಟ್ಟುತ್ತೆ. ಅದಕ್ಕೇ ತುಪ್ಪದ ದೀಪಕ್ಕೆ ನಡುವೆ ನೆಟ್ಟಗೆ ನಿಲ್ಲುವ ಹೂಬತ್ತಿ, ಜ್ವಾಲೆಯ ಬಿಸಿಗೆ ಸುತ್ತಲಿನ ತುಪ್ಪ ಕರಗಿ ಬತ್ತಿಗೆ ಸೇರಲಿ ಅಂತ. ಹೊಸ ಹಣತೆಯನ್ನ ಒಂದು ರಾತ್ರಿ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಮಣ್ಣೇ ಎಣ್ಣೆ ಕುಡಿದುಬಿಡುತ್ತೆ. ಇದಿಷ್ಟೂ ಲೆಕ್ಕಾಚಾರ ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಡಜನ್ ಲೆಕ್ಕದಲ್ಲಿ ಮಾರೋ ಹಣತೆಯಲ್ಲಿದೆ. ನನ್ನ ನವಿಲಿನಲ್ಲಿ ಇದರಲ್ಲಿ ಒಂದೂ ಇಲ್ಲ.

ಹಾಗಂತ ಮಣ್ಣಿನದೇ ಶ್ರೇಷ್ಠ, ಲೋಹದ್ದೆಲ್ಲ ಡೌಲು ಅಂತ ನಾನು ಹೇಳ್ತಿಲ್ಲ. ತಮಿಳುನಾಡಿನ ಕುಂಭಕೋಣದ ಹತ್ತಿರ ನಾಚ್ಚಿಯಾರ್‌ಕೋಯಿಲ್ ಅಂತ ಊರಿದೆ, ಅಲ್ಲಿನ ಕುತ್ತುವಿಳಕ್ಕಿಗೆ ಜಿಐ ಟ್ಯಾಗ್ ಇದೆ. ನಾವು ಕಾಲುದೀಪ, ದೀಪದ ಕಂಬ ಅನ್ನೋದರ ದಾಯಾದಿ ಅದು. ಬುಡ, ಕಂಬ, ಎಣ್ಣೆಯ ತಟ್ಟೆ, ಮೇಲಿನ ಹಂಸ ಎಲ್ಲ ಬೇರೆ ಬೇರೆ ಎರಕ ಹೊಯ್ದು ತಿರುಪಿನಲ್ಲಿ ಜೋಡಿಸ್ತಾರೆ. ಬಿಚ್ಚಿ ತೊಳೆಯಬಹುದು. ಹಂಸ ಜ್ವಾಲೆಗಳ ನಡುವೆ ಇರುತ್ತೆ, ಜ್ವಾಲೆಯ ಮೇಲೆ ಅಲ್ಲ. ಐದು ಮೂತಿಯೂ ಒಂದೇ ತಟ್ಟೆಯ ಎಣ್ಣೆ ಹಂಚಿಕೊಳ್ಳುತ್ತೆ. ಅಲಂಕಾರ ಇದೆ, ಆದರೆ ಅದು ಉರಿಗೆ ಅಡ್ಡ ಬರಲ್ಲ. ನಮ್ಮ ನಾಗಮಂಗಲದ ಎರಕದವರ ಕೈಯಲ್ಲೂ ಇದೇ ವಿವೇಕ ಕಾಣುತ್ತೆ.

ಇದೇ ದೀಪದ ಗತಿ ನಮ್ಮ ಆಫೀಸುಗಳಲ್ಲಿ ಏನಾಗಿದೆ ನೋಡಿ. ಫಂಕ್ಷನ್ ಶುರುವಾಗೋಕೆ ಮುಂಚೆ ಬಾಡಿಗೆಗೆ ತಂದ ಆಳೆತ್ತರದ ದೀಪ, ಅದಕ್ಕೆ ಸೇವಂತಿಗೆ ಹಾರ, ಸೆಂಟ್ರಲ್ ಏಸಿಯ ಗಾಳಿ, ಕೈಯಲ್ಲಿ ಮೇಣದಬತ್ತಿ ಹಿಡಿದ ಮುಖ್ಯ ಅತಿಥಿ. ಬತ್ತಿ ಹತ್ತಲ್ಲ. ಯಾರೋ ಕರ್ಪೂರ ತರ್ತಾರೆ. ಕೊನೆಗೂ ಹತ್ತಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಕೂತ್ಕೋತಾರೆ, ಎರಡನೇ ಸ್ಲೈಡ್ ಬರೋಷ್ಟರಲ್ಲಿ ದೀಪ ಆರಿರುತ್ತೆ. ರಿಸೆಪ್ಷನ್‌ನಲ್ಲಿ ನೀರು ತುಂಬಿ ಹೂವಿನ ದಳ ತೇಲಿಬಿಟ್ಟ ಉರುಳಿ ಇಟ್ಟಿರ್ತಾರಲ್ಲ, ಅದು ಕೇರಳದವರು ಪಾಯಸ ಕುದಿಸೋ ಪಾತ್ರೆ. ನನಗಂತೂ ಅದನ್ನ ನೋಡಿದಾಗಲೆಲ್ಲ ಹಸಿವಾಗುತ್ತೆ.

ಇನ್ನು ನೀರು ಹಾಕಿದರೆ ಹೊತ್ತುವ ಎಲ್ಇಡಿ ದೀಪ. ಒಳಗೆ ಎರಡು ಲೋಹದ ಚುಕ್ಕಿ, ನೀರು ಬಿದ್ದರೆ ಸರ್ಕ್ಯೂಟ್ ಕೂಡಿಕೊಳ್ಳುತ್ತೆ, ಬಲ್ಬು ಹತ್ತುತ್ತೆ. ಶಿರಡಿ ಸಾಯಿಬಾಬಾ ನೀರಲ್ಲಿ ದೀಪ ಉರಿಸಿದ ಕಥೆ ಇದೆಯಲ್ಲ, ಆ ಪವಾಡ ಈಗ ಬಾಕ್ಸಿನಲ್ಲಿ ಬರುತ್ತೆ. ಇದನ್ನ ಗೇಲಿ ಮಾಡಬೇಕು ಅಂತಲೇ ಈ ಪ್ಯಾರಾ ಶುರು ಮಾಡಿದೆ, ಆದರೆ ಮನಸ್ಸು ಬರ್ತಿಲ್ಲ. ಬೆಂಕಿಕಡ್ಡಿ ಗೀರೋಕೆ ಬಿಡದ ಪೀಜಿಯಲ್ಲಿ ನಾನೇ ಮೂರು ವರ್ಷ ಇದ್ದೆ. ಕೈ ನಡುಗೋ ವಯಸ್ಸಿನವರು ಒಬ್ಬರೇ ಇರೋ ಮನೆಯಲ್ಲಿ ಅದೇ ವಾಸಿ. ಅದು ದೀಪದ ಕೆಲಸ ಮಾಡಲ್ಲ, ದೀಪದ ನೆನಪು ಮಾಡಿಕೊಡುತ್ತೆ, ಅದನ್ನ ಮುಚ್ಚಿಡೋದೂ ಇಲ್ಲ. ಹಾಗೇ ಸುತ್ತ ಗಾಜಿನ ಚಿಮಣಿ ಇರೋ ಅಖಂಡ ದೀಪ ಅಂತ ಮಾರ್ತಾರಲ್ಲ, ಅದು ಈಚೆಗೆ ನಾನು ನೋಡಿದ ಅತಿ ಒಳ್ಳೆಯ ಡಿಸೈನು. ಫ್ಯಾನಿನ ಕೆಳಗೂ ಉರಿಯುತ್ತೆ. ಪುರಾಣದ ಪಕ್ಷಿ ಒಂದೂ ಇಲ್ಲ.

ನನ್ನ ತಕರಾರು ಇರೋದು ಉರಿಯುವ ಹಾಗೆ ನಟಿಸುವ ದೀಪಗಳ ಬಗ್ಗೆ. ತಕರಾರು ಸ್ವಲ್ಪ ಸ್ವಂತದ್ದೂ ಹೌದು.

ನಮ್ಮ ಮನೆಯಲ್ಲಿ ಅಜ್ಜಿ ಕಾಲದ ಒಂದು ಕಾಲುದೀಪ ಇತ್ತು. ಮೊಣಕಾಲುದ್ದ. ಬುಡದಲ್ಲಿ ಒಂದು ನೆಗ್ಗು, ಅದು ಅಪ್ಪ ಚಿಕ್ಕವನಿದ್ದಾಗ ಬೀಳಿಸಿದ್ದಂತೆ. ಶಿವರಾತ್ರಿಗೆ ಸಂಜೆ ಎಣ್ಣೆ ತುಂಬಿದರೆ ಮಧ್ಯರಾತ್ರಿ ಒಂದು ಸಲ ಹಾಕಿದರೆ ಸಾಕು, ಬೆಳಗಾಗುತ್ತಿತ್ತು. ಅಣ್ಣನ ಗೃಹಪ್ರವೇಶದ ಹೊತ್ತಿಗೆ ಅದನ್ನ ಒಂದು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಹೊಸ ಜೋಡಿ ತಂದರು. ಅಂಗಡಿಯವರು ಹಳೇದನ್ನ ತಕ್ಕಡಿಯಲ್ಲಿಟ್ಟು, ವೇಸ್ಟೇಜ್ ಕಳೆದು, ಚೀಟಿ ಬರೆದರು. ನೆಗ್ಗಿಗೆ ಅಂತ ಬೇರೆ ಕಾಲಂ ಇರಲಿಲ್ಲ. ಹೊಸ ಜೋಡಿ ಕೈಗೆ ಭಾರವಾಗೇ ಇತ್ತು. ವರ್ಷ ತುಂಬೋಷ್ಟರಲ್ಲಿ ಒಂದರ ಬುಡದ ಮುಚ್ಚಳ ಬಿಟ್ಟುಕೊಂಡಿತು, ನೋಡಿದರೆ ಒಳಗೆ ಸುಣ್ಣದ ತರಹದ ಗಟ್ಟಿ ಪುಡಿ. ಅಮ್ಮ ಅಣ್ಣನಿಗೆ ಏನೂ ಹೇಳಲಿಲ್ಲ. ಹಳೇ ದೀಪಕ್ಕೆ ಅಂತ ಹೊಸೆದಿಟ್ಟಿದ್ದ ಉದ್ದ ಬತ್ತಿಗಳು ಮಾತ್ರ ಡಬ್ಬದಲ್ಲಿ ಹಾಗೇ ಉಳಿದವು. ಹೊಸದರ ಮೂತಿಗೆ ಅವು ದಪ್ಪ.

ಹಿಂದಿನವರು ದೀಪದ ಬೆಲೆಯನ್ನ ಬೇರೆ ಥರ ಕಟ್ಟುತ್ತಿದ್ದರು ಅನ್ನೋದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. ಶಾಸನಗಳಲ್ಲಿ ದೇವಸ್ಥಾನದ ನಂದಾದೀವಿಗೆಗೆ ದಾನ ಬಿಟ್ಟ ಲೆಕ್ಕ ಮತ್ತೆ ಮತ್ತೆ ಬರುತ್ತೆ. ದಾನ ಅಂದರೆ ಬಹಳ ಸಲ ಕಂಬವಲ್ಲ, ಎಣ್ಣೆ. ಗಾಣದ ಎಣ್ಣೆಯ ಪಾಲು, ಹೊಲದ ಆದಾಯ, ಇಲ್ಲಾ ತುಪ್ಪಕ್ಕೆ ಅಂತ ಕುರಿ, ಹಸು. 11ನೇ ಶತಮಾನದಲ್ಲಿ ನಮ್ಮ ಕೋಲಾರ ಸೀಮೆಯೂ ಚೋಳರ ಕೈಲಿತ್ತು. ಅವರ ತಮಿಳು ಶಾಸನಗಳಲ್ಲಿ ಒಂದು ನಂದಾದೀಪಕ್ಕೆ 96 ಕುರಿ ಅನ್ನೋ ಲೆಕ್ಕ ಸಿಗುತ್ತೆ. ಆ ಕುರಿಗಳನ್ನ "ಸಾಯದ, ಮುಪ್ಪಾಗದ ಕುರಿ" ಅಂತ ಕರೀತಾರೆ. ಹಿಂಡು ಮರಿ ಹಾಕುತ್ತಾ ಹೋಗುತ್ತೆ, ಸಂಖ್ಯೆ ಕಮ್ಮಿಯಾಗೋ ಹಾಗಿಲ್ಲ, ನೋಡಿಕೊಳ್ಳೋ ಕುರುಬ ದಿನಾ ಇಷ್ಟು ಅಂತ ತುಪ್ಪ ಅಳೆಯಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ದೀಪ ಉರಿಸೋದು. ಕುರಿ ಲೆಕ್ಕ ಇಷ್ಟು ಖಚಿತವಾಗಿ ಕೆತ್ತಿಸಿದವರು ದೀಪ ಹಂಸದ್ದೋ ನವಿಲಿನದ್ದೋ ಅಂತ ತಲೆ ಕೆಡಿಸಿಕೊಂಡ ಹಾಗೆ ಕಾಣಲ್ಲ.

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಬೆಳಕಿಗೆ ಅಂತ ದೀಪ ಬೇಕಾಗಿದ್ದ ಕಾಲ ಒಂದೊಂದೇ ಮನೆಯಿಂದ ಹೋಯಿತು. ಇನ್ನು ಅದು ಪೂಜೆಗೆ, ಅಂದಕ್ಕೆ. ಅದು ತಪ್ಪಲ್ಲ. ಆದರೆ ಕತ್ತಲೇ ಇಲ್ಲದ ಮನೆಯಲ್ಲಿ ದೀಪ ಚೆನ್ನಾಗಿ ಉರೀತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ, ನೋಡಿ. ಕಂಪನಿಗಳಿಗೂ ಅದು ಗೊತ್ತು.

ನಾನು ನೋಡಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾದ ದೀಪ ಯಾವ ಕ್ಯಾಟಲಾಗಿನಲ್ಲೂ ಸಿಗಲ್ಲ. ಅದು ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ತಂಬಿಟ್ಟಿನ ದೀಪ. ಊರ ದೇವತೆಯ ಜಾತ್ರೆಗೆ ಮನೆಮನೆಯಿಂದ ಹೆಂಗಸರು ತಲೆ ಮೇಲೆ ಹೊತ್ತುಕೊಂಡು ಹೋಗ್ತಾರಲ್ಲ, ಅದು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಕುಟ್ಟಿ ಜರಡಿ ಹಿಡಿದ ಹಿಟ್ಟು. ಅದಕ್ಕೆ ಬೆಲ್ಲ, ತುಪ್ಪ. ಹಿಟ್ಟು ಒಣಗಿದ್ದರೆ ಬಿರುಕು, ಹಸಿಯಾಗಿದ್ದರೆ ಕುಸಿತ. ನಡುವಿನ ಹದ ಕೈಗೇ ಗೊತ್ತಾಗಬೇಕು. ಗೋಪುರದ ಹಾಗೆ ಎತ್ತಿ, ನೆತ್ತಿಯಲ್ಲಿ ಹೆಬ್ಬೆರಳು ಒತ್ತಿ ಗುಳಿ ಮಾಡಿ, ತುಪ್ಪ ಹಾಕಿ ಹೂಬತ್ತಿ ನಿಲ್ಲಿಸೋದು. ಸುತ್ತ ಸೇವಂತಿಗೆ, ಕನಕಾಂಬರ. ನಮ್ಮ ಕಡೆ ಹೂವಿಗೇನು ಬರ. ತಮಟೆ ಹಿಂದೆ ಸಾಲಾಗಿ ನಡೆದು, ಪೂಜೆಯಾದ ಮೇಲೆ ಅದೇ ದೀಪವನ್ನ ಮುರಿದು ಹಂಚಿ ತಿನ್ನೋದು. ಬತ್ತಿಯ ಸುತ್ತಲಿನ ತುಪ್ಪ ಕುಡಿದ, ಒಂಚೂರು ಸೀದ ಭಾಗಕ್ಕೆ ಮಕ್ಕಳ ಜಗಳ. ರಾತ್ರಿಯೊಳಗೆ ದೀಪ ಖಾಲಿ. ಒರೆಸೋದಿಲ್ಲ, ತಿಕ್ಕೋದಿಲ್ಲ, ಷೋಕೇಸಿಲ್ಲ. ಈಚೆಗೆ ಅದರ ಸುತ್ತಲೂ ಥರ್ಮೋಕೋಲು, ಬ್ಯಾಟರಿಯ ಸೀರಿಯಲ್ ಸೆಟ್ಟು ಬರ್ತಿದೆ. ಆ ಮಿಣಮಿಣದಲ್ಲಿ ನಡುವಿನ ಬತ್ತಿ ಕಾಣೋದೇ ಇಲ್ಲ. ನನಗೆ ಅದು ಇಷ್ಟ ಆಗಲ್ಲ, ಆದರೆ ಹುಡುಗಿಯರು ರಾತ್ರಿ ಎಲ್ಲ ಕೂತು ಕಟ್ಟಿರ್ತಾರೆ, ಬೈಯೋಕೂ ಬಾಯಿ ಬರಲ್ಲ.

ಈ ದೀಪವನ್ನ ಹೀಗೆ ಹೊಗಳಿ ನಿಲ್ಲಿಸಿದರೆ ನಾನೂ ಕ್ಯಾಟಲಾಗ್ ಬರೆದ ಹಾಗಾಗುತ್ತೆ. "ಸೌಭಾಗ್ಯದ ಸಂಕೇತ" ಅಂತ ನವಿಲಿನ ಡಬ್ಬದ ಮೇಲೂ ಬರೆದಿತ್ತು. ನಮ್ಮ ಬೀದಿಯಲ್ಲಿ ತಂಬಿಟ್ಟಿನ ಹದ ಅಮ್ಮನಿಗೆ ಗೊತ್ತಿರೋ ಹಾಗೆ ಬೇರೆ ಯಾರಿಗೂ ಗೊತ್ತಿಲ್ಲ. ಅಪ್ಪ ಹೋದ ಮೇಲೆ ಅವಳು ದೀಪ ಹೊತ್ತಿಲ್ಲ. ಬೇಡ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಆದರೆ ಜಾತ್ರೆಯ ಹಿಂದಿನ ದಿನ ಮೂರು ಮನೆಯವರು ಹಿಟ್ಟು ತಗೊಂಡು ಬರ್ತಾರೆ: "ಅಕ್ಕಾ, ಒಂದು ಸಲ ಕೈ ಹಾಕು, ಬಿರುಕು ಬಿಡ್ತಾ ಇದೆ."

ಹೋದ ಜಾತ್ರೆಗೆ ರಜ ಹಾಕಿ ಹೋಗಿದ್ದೆ. ನಮ್ಮ ಮನೆ ದೀಪ ನೀನೇ ಹೊರು, ನಾನು ಪಕ್ಕದಲ್ಲೇ ಇರ್ತೀನಿ, ಯಾರು ಏನಂತಾರೋ ನೋಡೋಣ ಅಂದೆ. ಆಫೀಸಿನಲ್ಲಿ ಮ್ಯಾನೇಜರ್ ಹತ್ತಿರ ಮಾತಾಡೋ ಧಾಟಿಯಲ್ಲೇ ಅಂದೆ ಅಂತ ಕಾಣುತ್ತೆ. ಅಮ್ಮ ಗುಳಿಗೆ ತುಪ್ಪ ಹಾಕ್ತಾ ಇದ್ದಳು.

"ನೀನು ಸೋಮವಾರ ಬೆಂಗಳೂರಿಗೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕಲ್ವೇನೇ."

ನಾನೇ ಹೊತ್ತೆ. ಸಿಂಬಿ ಸುತ್ತಿ ತಲೆ ಮೇಲೆ ತಟ್ಟೆ ಇಟ್ಟವಳು ಅವಳೇ. ಸಾಲಿನಲ್ಲಿ ನಿಂತಾಗ ಅವಳು ಮನೆ ಬಾಗಿಲಲ್ಲೇ ಉಳೀತಾಳೆ ಅಂದುಕೊಂಡಿದ್ದೆ. ಅರಳಿಕಟ್ಟೆ ಹತ್ತಿರ ಗಾಳಿ ಬೀಸಿ ನನ್ನ ದೀಪ ಆರಿತು. ಏನು ಮಾಡೋದು ಅಂತ ತಿರುಗಿದರೆ ಎರಡು ಹೆಜ್ಜೆ ಹಿಂದೆ ಅಮ್ಮ, ಒಂದು ಕೈಯಲ್ಲಿ ತುಪ್ಪದ ಬಟ್ಟಲು, ಸೊಂಟದಲ್ಲಿ ಬೆಂಕಿಪೊಟ್ಟಣ. ಸಾಲಿನಲ್ಲಿದ್ದವರೆಲ್ಲ ನೋಡ್ತಿದ್ದರು. "ಬಗ್ಗು" ಅಂದಳು. ಬಗ್ಗಿದೆ. ಬತ್ತಿಯ ಕಿಟ್ಟ ಚಿವುಟಿ, ತುಪ್ಪ ಹಾಕಿ, ಕಡ್ಡಿ ಗೀರಿ ಹಚ್ಚಿದಳು. ನಮ್ಮ ಹಿಂದೆ ಇದ್ದ ಹೆಂಗಸಿನದೂ ಆರಿತ್ತು. ಆಕೆ ಒಂದು ಕ್ಷಣ ಅತ್ತ ಇತ್ತ ನೋಡಿ, ತಾನೂ ತಲೆ ಬಗ್ಗಿಸಿದಳು.