ಗೂಗಿ ಮತ್ತು ನನ್ನ ಪದ

ಮೂವತ್ತು ವರ್ಷದ ಹಿಂದೆ ನಾನೊಂದು ಪದ ಕಟ್ಟಿದ್ದೆ. ಹಾಳುಬಿದ್ದ ಮನಿ, ಅದರ ಜಂತಿ ಮ್ಯಾಲ ಕುಂತ ಗೂಗಿ. ಮನಿ ಅಂದ್ರ ಈ ದೇಹ, ಗೂಗಿ ಅಂದ್ರ ಅಜ್ಞಾನ. ಕಡೀ ನುಡಿಯೊಳಗ ಆ ಗೂಗಿನ್ನ ಹೊಡದು ಓಡಸ್ರಿ ಅಂತಿತ್ತು. ಜತ್ತ ತಾಲೂಕಿನ ಎಷ್ಟೋ ಭಜನಿಯೊಳಗ ಅದನ್ನ ಹಾಡೀನಿ. ಆ ನುಡಿಗೆ ಬಂದಾಗ ತಾಳ ಜೋರಾಗತಿತ್ತು, ಜನ ತಲಿ ತೂಗತಿದ್ದರು. ಇವತ್ತು ಆ ಪದದ ತಪ್ಪನ್ನು ನಾನೇ ಬರಿಯಬೇಕಾಗಿದೆ.

ಎರಡು ವರ್ಷದ ಹಿಂದೆ ಮಗಳು-ಅಳಿಯನ ಹತ್ತಿರ ಜರ್ಮನಿಗೆ ಹೋಗಿದ್ದೆ. ಒಂದಿನ ಅಂಗಡಿಯೊಳಗ ಚಿಲ್ಲರೆ ಕೊಟ್ಟರು. ನೋಡತೀನಿ, ಒಂದು ಯುರೋ ನಾಣ್ಯದ ಮ್ಯಾಲ ಗೂಗಿ! ಎರಡು ದೊಡ್ಡ ಕಣ್ಣು ಬಿಟ್ಟು ನನ್ನನ್ನೇ ನೋಡತಿತ್ತು. "ಯವ್ವಾ, ಇದನ್ನ ಮನಿಗೆ ಒಯ್ಯೂದು ಬ್ಯಾಡ" ಅಂದೆ. ಮಗಳು ನಕ್ಕಳು. "ಅಪ್ಪಾ, ಇದು ಗ್ರೀಸ್ ದೇಶದ ನಾಣ್ಯ, ಇಲ್ಲೂ ನಡೀತದ. ಅವರಿಗೆ ಗೂಗಿ ಅಂದ್ರ ಶಾಣ್ಯಾತನದ ಗುರುತು" ಅಂದಳು.

ಅಥೆನ್ಸ್ ಪಟ್ಟಣದ ಅಥೇನಾ ಎಂಬ ದೇವಿಗೆ ಗೂಗಿ ಪ್ರೀತಿಯ ಪಕ್ಷಿ. ಎರಡು ಸಾವಿರದ ನಾನೂರು ವರ್ಷದ ಹಿಂದೆಯೇ ಅಲ್ಲಿನ ಬೆಳ್ಳಿ ನಾಣ್ಯದ ಮೇಲೆ ಅದು ಇತ್ತು. 2002ರಲ್ಲಿ ಯುರೋ ಬಂದಾಗ ಅದೇ ಚಿತ್ರವನ್ನು ಮತ್ತೆ ಹಾಕಿದರು. ನಾವು ಸಮುದ್ರಕ್ಕ ನೀರು ಹೊತ್ತಾಂಗ ಅನ್ನೋ ಕಡೆ ಜರ್ಮನಿಯವರು ಅಥೆನ್ಸಿಗೆ ಗೂಗಿ ಒಯ್ದಾಂಗ ಅಂತಾರಂತ.

ಆದರ ಜರ್ಮನಿಯ ಹಳೇ ಮಂದಿಗೂ ಗೂಗಿ ಅಂದ್ರ ಹೆದರಿಕಿ ಇತ್ತು. ಸಣ್ಣ ಗೂಗಿ ಕೂಗಿದರ ಅವರಿಗೆ "ನನ್ನ ಕೂಡ ಬಾ" ಅಂತ ಕೇಳತಿತ್ತು, ಮನ್ಯಾಗ ಸಾವು ಬಂತು ಅಂತಿದ್ದರು. ಖರೇ ಕಾರಣ ಬ್ಯಾರೆ. ಬ್ಯಾನಿ ಬಿದ್ದವರ ಕೋಣಿಯೊಳಗ ರಾತ್ರಿಯೆಲ್ಲಾ ದೀಪ ಉರೀತಿತ್ತು. ದೀಪಕ್ಕ ಹುಳ ಬರತಿದ್ದವು, ಹುಳಕ್ಕ ಗೂಗಿ ಬರತಿತ್ತು. ಅದೇ ದೇಶದ ಉತ್ತರದ ಕಡೆ ರೈತರು ಕಣಜದ ಮನಿ ಗೋಡಿಯೊಳಗ ಗೂಗಿ ಬರಲಿ ಅಂತ ಬೇಕಂತಲೇ ಕಿಂಡಿ ಬಿಡತಿದ್ದರು, ಇಲಿ ಹಿಡೀಲಿ ಅಂತ. ಸಾವಿನ ಹಕ್ಕಿ ಅಂದದ್ದೂ ಅಥೇನಾದೇವಿಯ ಹಕ್ಕಿಯೂ ಒಂದೇ ಜಾತಿಯ ಸಣ್ಣ ಗೂಗಿ.

ನಮ್ಮಲ್ಲೂ ಹಂಗೇ ಅದ. ನಸುಕಿನಾಗ ಬುಡಬುಡಿಕಿಯವ ಬಂದು ಹಾಲಕ್ಕಿ ನುಡೀತು ಅಂದ್ರ ಮರ ತುಂಬ ಜೋಳ ನೀಡತೀವಿ. ಆ ಹಾಲಕ್ಕಿಯೂ ಗೂಗಿ ಕುಲದ್ದೇ. ಬಂಗಾಳದವರು ಲಕ್ಷ್ಮೀ ವಾಹನ ಅಂತ ಪೂಜಿ ಮಾಡತಾರ.

ಹಂಗಾದ್ರ ನನ್ನ ಪದ ಎಲ್ಲಿ ತಪ್ಪಿತು? ಗೂಗಿನ್ನ ಅಜ್ಞಾನಕ್ಕ ಹೋಲಿಸಿದ್ದು ತಪ್ಪಲ್ಲ. ಗುರುತು ಇಲ್ಲದ ತತ್ವಪದ ಇಲ್ಲ. ಆದರ ಎರಡು ತಪ್ಪಾಗ್ಯಾವ. ಒಂದು, ಗೂಗಿ ಬಂದು ಮನಿ ಹಾಳಾಯ್ತು ಅಂತ ಹಾಡಿದೆ. ಖರೇವಂದ್ರ ಮನಿ ಹಾಳಾದ ಮ್ಯಾಲ ಅಲ್ಲಿ ಪೊಟರಿ ಸಿಗತದಂತ ಗೂಗಿ ಬರತದ. ಹಾಳು ಮಾಡಿದವ ಮನುಷ್ಯ. ಎರಡನೇದು, ಹೊಡೀರಿ ಅಂದೆ. ಒಂದು ಅಮವಾಸಿ ಭಜನಿ ಮುಗಿದ ಮ್ಯಾಲ ಹುಡುಗರು ಹಳೇ ವಾಡೇದ ಗೋಡಿಯೊಳಗಿನ ಗೂಗಿಗೆ ಕಲ್ಲು ಹೊಡದು ಕೊಂದರು. ನಾನು ನೋಡಿದೆ, ಸುಮ್ಮನಿದ್ದೆ. ಆ ಗೋಡಿ ಬುಡಕ್ಕ ಅದು ಕಾರಿದ ಉಂಡಿಯೊಳಗ ಇಲಿ ಎಲುವು ಇರೋದನ್ನ ಎಷ್ಟೋ ಸಲ ಕಂಡಿದ್ದೆ. ಒಕ್ಕಲಿಗನಾಗಿ ಅದರ ಉಪಕಾರ ನನಗ ಗೊತ್ತಿತ್ತು. ಹಾಡವನಾಗಿ ಬಾಯಿ ಬಿಡಲಿಲ್ಲ.

ನಾಣ್ಯದ ಗೂಗಿ ನೋಡಿದ ಮ್ಯಾಲ ಕಡೀ ನುಡಿ ಬದಲಿ ಮಾಡೀನಿ. ಕತ್ತಲಿಯೊಳಗ ಗೂಗಿಗೆ ಕಣ್ಣು ಕಾಣತಾವ, ಬೆಳಕಿನ್ಯಾಗೂ ನಮಗ ಕಾಣವೊಲ್ಲವು ಅಂತ ಈಗ ಹಾಡತೀನಿ. ಹೋದ ಶ್ರಾವಣದಾಗ ಹಿರಿಯರೊಬ್ಬರು "ಹಳೇದ ಜೋರಿತ್ತು ಬಿಡಪಾ" ಅಂದರು. ಅವರ ಮಾತು ಖರೆ. ಹೊಸ ನುಡಿಗೆ ತಾಳ ಇನ್ನೂ ಸರಿಯಾಗಿ ಕೂಡವೊಲ್ಲದು. ಆದರೂ ಹಳೇದನ್ನ ಹಾಡಂಗಿಲ್ಲ.

ಶಾಲಿ ಗುರುಗಳಿಗೆ ಒಂದು ವಿನಂತಿ. ಗೂಗಿ ಕೊಲ್ಲಬಾರದು ಅಂತ 1972ರ ವನ್ಯಜೀವಿ ಕಾಯ್ದೆ ಅದ. ಅದನ್ನ ಮಕ್ಕಳಿಗೆ ಹೇಳ್ರಿ. ಹಳೇ ಪದ ಯಾರರ ಹಾಡಿದ್ದು ಕೇಳಿದರ, ಅದನ್ನ ಕಟ್ಟಿದವನೇ ಬಿಟ್ಟಾನ ಅಂತಲೂ ಹೇಳ್ರಿ.