ಸೂರ್ಯಕಾಂತಿಯ ಹೊಲಕ್ಕೊಂದು ಹಳೆಯ ಗಾಜು

ಆಷಾಢದ ಗಾಳಿ ಬೀಸತೊಡಗಿ, ಗುಂಡ್ಲುಪೇಟೆಯಿಂದ ಊಟಿಯ ಕಡೆಗೂ ವಯನಾಡಿನ ಕಡೆಗೂ ಕವಲೊಡೆಯುವ ಹೆದ್ದಾರಿಗಳ ಎಡಬಲದ ಹೊಲಗಳಲ್ಲಿ ಸೂರ್ಯಕಾಂತಿ ಅರಳಿತೆಂದರೆ, ವರ್ಷದ ಹತ್ತು ತಿಂಗಳು ಸಿಲಿಕಾ ಜೆಲ್ಲಿನ ಪೊಟ್ಟಣಗಳ ನಡುವೆ ಡಬ್ಬಿಯೊಳಗೆ ಯೋಗನಿದ್ರೆಯಲ್ಲಿರುವ ನನ್ನ ಹೀಲಿಯೋಸ್ ಲೆನ್ಸನ್ನು ಹೊರತೆಗೆಯುವ ಕಾಲ ಬಂದಿತೆಂದೇ ಲೆಕ್ಕ. ಹೀಲಿಯೋಸ್ ಎಂಬುದು ಗ್ರೀಕರ ಸೂರ್ಯದೇವನ ಹೆಸರು. ಸೂರ್ಯನ ಹೆಸರಿನ ಗಾಜನ್ನು ಸೂರ್ಯನ ಹೆಸರಿನ ಹೂವಿಗೆ ಎದುರಾಗಿ ಹಿಡಿಯುವ ಈ ಔಚಿತ್ಯವು ನಾನು ಬುದ್ಧಿಪೂರ್ವಕವಾಗಿ ಏರ್ಪಡಿಸಿದುದಲ್ಲ. ಲೆನ್ಸು ನನ್ನ ಕೈಸೇರಿ ಎರಡು ಮಳೆಗಾಲ ಕಳೆದ ಮೇಲೆ ಅದು ಹೊಳೆದುದು.

ಈ ಗಾಜಿನ ವಂಶಾವಳಿ ಸ್ವಾರಸ್ಯವಾದುದು. ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಝೈಸ್ ಸಂಸ್ಥೆಯಲ್ಲಿ ವಿಲ್ಲಿ ಮೆರ್ಟೆ ಎಂಬ ವಿನ್ಯಾಸಕಾರನು 1927ರಲ್ಲಿ ರೂಪಿಸಿದ ಬಯೋಟಾರ್ ಲೆನ್ಸಿನ ಕುಲ ಇದರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಆ ವಿನ್ಯಾಸವು ಸೋವಿಯತ್ ದೇಶಕ್ಕೆ ಸಾಗಿ, ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಹೀಲಿಯೋಸ್-44 ಎಂಬ ಹೆಸರು ತಳೆದು, ಮುಂದೆ ಝೆನಿಟ್ ಕ್ಯಾಮೆರಾಗಳ ಮೂತಿಯ ಮೇಲೆ ಲೋಕಸಂಚಾರ ಹೊರಟಿತು. ನಾಲ್ಕು ಗುಂಪುಗಳಲ್ಲಿ ಕೂಡಿಸಿದ ಆರು ಗಾಜುಗಳು, 58 ಮಿಲಿಮೀಟರ್ ನಾಭಿದೂರ, ಎರಡರ ಅಪರ್ಚರು: ಇಷ್ಟೇ ಅದರ ಸಂಪತ್ತು. ರೂಪಾಯಿ ಲೆಕ್ಕದಲ್ಲಿಯೇ ಸೋವಿಯತ್ ಒಕ್ಕೂಟದೊಡನೆ ನಮ್ಮ ವ್ಯಾಪಾರ ನಡೆಯುತ್ತಿದ್ದ ದಿನಗಳಲ್ಲಿ ಈ ದೇಶಕ್ಕೆ ಬಂದಿಳಿದ ಝೆನಿಟ್ಟುಗಳಲ್ಲಿ ಒಂದು ಅದಾವುದೋ ದಾರಿಯಿಂದ ನಮ್ಮ ಕಡೆಯ ಒಂದು ಸ್ಟುಡಿಯೊವನ್ನು ಸೇರಿ, ಮದುವೆ ನಾಮಕರಣಗಳಲ್ಲಿ ದುಡಿದು, ಷಟರು ಕೈಕೊಟ್ಟ ಮೇಲೆ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಕ್ಯಾಮೆರಾ ಸತ್ತಿತ್ತು, ಅದರ ಕಣ್ಣು ಮಾತ್ರ ಬದುಕಿತ್ತು. ಸ್ಟುಡಿಯೊದ ಯಜಮಾನರು, "ಇದನ್ನು ಇಟ್ಟುಕೊಂಡು ಏನು ಮಾಡ್ತೀರಿ?" ಎಂದು ನಕ್ಕು, ಎರಡು ಊಟದ ಬೆಲೆಗೆ ಅದನ್ನು ನನಗೆ ಬಿಟ್ಟುಕೊಟ್ಟರು.

ಏನು ಮಾಡಬಹುದೆಂಬುದಕ್ಕೆ ಉತ್ತರವು ಹೊಸ ಕ್ಯಾಮೆರಾಗಳ ಹೊಟ್ಟೆಯಲ್ಲಿದೆ. ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿ ಮೇಲೆದ್ದು ಕೆಳಗಿಳಿಯಬೇಕಾಗಿದ್ದುದರಿಂದ, ಲೆನ್ಸು ಕೂಡುವ ಅಂಚಿಗೂ ಫಿಲ್ಮಿಗೂ ನಡುವೆ ವಿಶಾಲವಾದ ಅವಕಾಶವನ್ನು ಬಿಡಲೇಬೇಕಾಗಿತ್ತು. ಝೆನಿಟ್ಟಿನ 42 ಮಿಲಿಮೀಟರ್ ತಿರುಪಿನ ಲೆನ್ಸುಗಳಿಗೆ ಈ ಅಂತರವು 45.46 ಮಿಲಿಮೀಟರ್. ನಿಕಾನಿನ ಎಫ್ ಕ್ಯಾಮೆರಾಗಳಲ್ಲಿ ಅದು 46.5, ಆ ಒಂದು ಮಿಲಿಮೀಟರಿನ ವ್ಯತ್ಯಾಸದ ದೆಸೆಯಿಂದಲೇ, ಹಳೆಯ ತಿರುಪಿನ ಲೆನ್ಸನ್ನು ಅದಕ್ಕೆ ತೊಡಿಸಿದರೆ ಹತ್ತಿರದ ಹೂವು ಸ್ಪಷ್ಟವಾಗಿ, ದೂರದ ಬೆಟ್ಟ ಎಂದೆಂದಿಗೂ ಮಸುಕಾಗಿಯೇ ಉಳಿಯುತ್ತಿತ್ತು. 2008ರಲ್ಲಿ ಪ್ಯಾನಸೋನಿಕ್ಕಿನ ಜಿ1 ಕನ್ನಡಿಯನ್ನೇ ತ್ಯಜಿಸಿ ಬಂದಿತು. ಕನ್ನಡಿ ಹೋದ ಮೇಲೆ ಆ ಅವಕಾಶಕ್ಕೂ ಪ್ರಯೋಜನವಿಲ್ಲದಾಯಿತು. ಸೋನಿಯವರು ತಮ್ಮ ಇ ಮೌಂಟಿನಲ್ಲಿ ಅದನ್ನು 18 ಮಿಲಿಮೀಟರಿಗೆ ಇಳಿಸಿದರು, ನಿಕಾನಿನವರೇ ಝಡ್ ಮೌಂಟಿನಲ್ಲಿ 16ಕ್ಕೆ ಬಂದರು. ಸೋನಿಯಲ್ಲಿ ಉಳಿದ ಅಂತರವನ್ನು ತುಂಬಲು 27.46 ಮಿಲಿಮೀಟರ್ ಉದ್ದದ ಒಂದು ಲೋಹದ ಬಳೆ ಸಾಕು. ಅದರೊಳಗೆ ಗಾಜಿಲ್ಲ, ವಿದ್ಯುತ್ತಿಲ್ಲ, ಬುದ್ಧಿಯೂ ಇಲ್ಲ. ಅಡಾಪ್ಟರು ಎಂದು ಕರೆಯಿಸಿಕೊಳ್ಳುವ ಆ ಬಳೆಯಿಂದ, ಮನೆಯ ಹಿರಿಯನು ತೆರವುಮಾಡಿದ ಜಗುಲಿಯಲ್ಲಿ ಊರೂರಿನ ಬಂಧುಗಳು ಬಂದು ಕುಳಿತಂತೆ, ಸತ್ತ ಕ್ಯಾಮೆರಾಗಳ ಲೆನ್ಸುಗಳೆಲ್ಲ ಮತ್ತೆ ಬದುಕಿ ಬರುವಂತಾಯಿತು.

ಆದರೆ ಬಳೆಯು ಕರಾರುವಾಕ್ಕಾಗಿರಬೇಕು. ಅಗ್ಗದ ಅಡಾಪ್ಟರುಗಳು ಕೂದಲೆಳೆಯಷ್ಟು ಗಿಡ್ಡವಾಗಿರುವುದುಂಟು. ಆಗ ಲೆನ್ಸು ತನ್ನ ಮೈಮೇಲೆ ಕೆತ್ತಿದ ಅನಂತದ ಗುರುತನ್ನು ಮುಟ್ಟುವ ಮೊದಲೇ ನಿಜವಾದ ಅನಂತವನ್ನು ದಾಟಿಬಿಡುತ್ತದೆ, ದೂರದ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಉದ್ದವಾದರೆ ಅನಂತವನ್ನು ಮುಟ್ಟುವುದೇ ಇಲ್ಲ. ನಾನು ಹೊಸ ಅಡಾಪ್ಟರನ್ನು ಕೊಂಡರೆ ಹಂಗಳದ ಹೊಲಗಳ ಬದುವಿನಲ್ಲಿ ನಿಂತು, ಮಂಜು ಸರಿದ ಗಳಿಗೆಯನ್ನು ಕಾದು, 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಗೆ ಗುರಿಯಿಟ್ಟು ಪರೀಕ್ಷಿಸುತ್ತೇನೆ. ವಿದ್ಯುತ್ತಿಲ್ಲದ ಬಳೆಯ ಮುಂದಿನ ಲೆನ್ಸು ಕ್ಯಾಮೆರಾಕ್ಕೆ ತಿಳಿಯದಾದುದರಿಂದ, ಅದರ ಮೆನುವಿನಲ್ಲಿ ಲೆನ್ಸಿಲ್ಲದೆಯೂ ಷಟರು ಬೀಳಲೆಂದು ಅಪ್ಪಣೆ ಕೊಡಬೇಕೆಂಬುದನ್ನು ಮರೆತು, ಕ್ಯಾಮೆರಾ ಕೆಟ್ಟಿತೆಂದು ಮೈಸೂರಿನವರೆಗೆ ಹೋಗಿ ಬಂದ ಮಿತ್ರರೊಬ್ಬರನ್ನು ಬಲ್ಲೆನಾದುದರಿಂದ ಈ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಹೀಲಿಯೋಸಿನ ದೋಷವನ್ನು ಕುರಿತು. ಅದೇ ಅದರ ಕೀರ್ತಿ. ಅಪರ್ಚರನ್ನು ಪೂರ್ಣವಾಗಿ ತೆರೆದಾಗ, ಚಿತ್ರದ ಅಂಚುಗಳಿಗೆ ಓರೆಯಾಗಿ ಬರುವ ಬೆಳಕಿನ ಕಂತೆಯ ಒಂದಂಶವನ್ನು ಲೆನ್ಸಿನ ಮುಂದಿನ ಹಾಗೂ ಹಿಂದಿನ ಅಂಚುಗಳು ಕತ್ತರಿಸಿಬಿಡುತ್ತವೆ. ತತ್ಫಲವಾಗಿ ನಡುವೆ ದುಂಡಗಿರುವ ಮಸುಕಿನ ಬಿಲ್ಲೆಗಳು ಅಂಚಿಗೆ ಸರಿದಂತೆ ಸೌತೆಬೀಜದ ಆಕಾರಕ್ಕೆ ತಿರುಗಿ, ಒಂದರ ಬಾಲವನ್ನೊಂದು ಹಿಡಿದು ವರ್ತುಲಗಳಲ್ಲಿ ಸಾಗಿದಂತೆ ತೋರುತ್ತವೆ. ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ಎತ್ತುಗಳನ್ನು ಹೊಡೆಯುತ್ತಿದ್ದ ಒಕ್ಕಣೆಯನ್ನು ಕಂಡವರಿಗೆ ಈ ಚಲನೆಯ ಪರಿಚಯವುಂಟು: ನಡುವಿನ ಮುಖವು ಮೇಟಿಯಂತೆ ಅಚಲ, ಸುತ್ತಣ ಹೊಲವೆಲ್ಲ ತುಳಿದು ತಿರುಗುವ ಕಾಲುಗಳು.

ಈ ಸುಳಿಯು ಎಲ್ಲೆಂದರಲ್ಲಿ ಏಳುವುದಿಲ್ಲ. ಬೋಳು ಗೋಡೆಯ ಮುಂದೆ ಹೀಲಿಯೋಸು ಒಂದು ಸಾಧಾರಣ ಲೆನ್ಸು. ಹಿನ್ನೆಲೆಯಲ್ಲಿ ಬಿಡಿಬಿಡಿಯಾದ, ಹೊಳೆಯುವ, ಒಂದೇ ಅಳತೆಯ ಅಸಂಖ್ಯ ಚುಕ್ಕೆಗಳಿರಬೇಕು. ಅವು ಮುಖದಿಂದ ಹತ್ತಾರು ಹೆಜ್ಜೆ ಹಿಂದಿರಬೇಕು. ಮುಖವು ಲೆನ್ಸಿಗೆ ಒಂದೂವರೆ ಮೀಟರಿನಷ್ಟು ಸಮೀಪದಲ್ಲಿರಬೇಕು. ಒಂದೇ ಎತ್ತರಕ್ಕೆ ನಿಂತ ಸೂರ್ಯಕಾಂತಿಯ ಹೊಲವು ಈ ನಿಯಮಗಳನ್ನು ಪಾಲಿಸಲೆಂದೇ ಬಿತ್ತಿದಂತೆ ಇರುತ್ತದೆ. ಪಕ್ಕದ ಚೆಂಡುಹೂವಿನ ಹೊಲಗಳು ನೋಡಲು ಎಷ್ಟೇ ಉಜ್ಜ್ವಲವಾಗಿದ್ದರೂ ಗಿಡ ಗಿಡ್ಡ, ಹೂವು ಒತ್ತೊತ್ತು. ಸುಳಿಯು ಕೇಸರಿಯ ಕೆಸರಾಗಿ ಕದಡಿಹೋಗುತ್ತದೆ.

ಬಲಿತ ಸೂರ್ಯಕಾಂತಿಯು ಸೂರ್ಯನ ಹಿಂದೆ ತಿರುಗುವುದಿಲ್ಲವೆಂಬುದನ್ನು ಹೊಲದವರು ಬಲ್ಲರು, ಕಾರಿನಿಂದ ಇಳಿದವರು ಅರಿಯರು. ಮೊಗ್ಗಿನ ಪ್ರಾಯದಲ್ಲಿ ಮಾತ್ರ ಆ ಚಾಪಲ್ಯ. ಅರಳಿದ ಮೇಲೆ ಹೂವು ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಆದುದರಿಂದ ಬೆಳಗ್ಗೆ ಬಂದವನಿಗೆ ಸೂರ್ಯನು ಬೆನ್ನಿಗೆ, ಹೂವು ಎದುರಿಗೆ, ಚಿತ್ರವು ಕ್ಯಾಲೆಂಡರಿಗೆ. ನಾನು ಸಂಜೆಯ ಪಕ್ಷದವನು. ಐದು ಗಂಟೆಯ ಮೇಲೆ ಅದೇ ಪೂರ್ವದ ಬದುವಿನಲ್ಲಿ ನಿಂತರೆ ಬೆಳಕು ಎಸಳುಗಳ ಹಿಂದಿನಿಂದ ಸೋಸಿ ಬರುತ್ತದೆ. ಇಂದಿನ ಲೆನ್ಸುಗಳ ಪದರಪದರದ ಲೇಪನವಿಲ್ಲದ ನನ್ನ ಮುದಿಗಾಜು ಅದನ್ನು ತಡೆಯಲಾರದೆ, ಚಿತ್ರದ ಮೇಲೆ ತೆಳುವಾದ ಹಾಲಿನ ಪರದೆಯನ್ನು ಎಳೆಯುತ್ತದೆ. ಕಪ್ಪು ಬೂದಿಯಾಗುತ್ತದೆ, ಹಳದಿ ಮಾಗುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡುವವರು ಹೊಸ ಲೆನ್ಸನ್ನೇ ಕೊಳ್ಳಬಹುದಾಗಿತ್ತು.

ಬೈಗುಳವೂ ಸ್ವಲ್ಪ ಇರಲಿ. ಬಂಡೀಪುರದ ಆನೆಗೆ ಹೀಲಿಯೋಸನ್ನು ಗುರಿಯಿಡುವವರನ್ನು ನಾನು ಕಂಡಿದ್ದೇನೆ. ಕೈಯಿಂದ ಫೋಕಸ್ ತಿರುಗಿಸುವಷ್ಟರಲ್ಲಿ ಲಂಟಾನದ ಪೊದೆ ಮಾತ್ರ ಉಳಿದಿರುತ್ತದೆ. ಸಣ್ಣ ಸಂವೇದಕದ ಕ್ಯಾಮೆರಾದಲ್ಲಿ ಇದೇ ಲೆನ್ಸು 87 ಮಿಲಿಮೀಟರಿನಂತೆ ವರ್ತಿಸಿ, ಸುಳಿಯಿರುವ ಅಂಚುಗಳೇ ಕತ್ತರಿಸಿಹೋಗುವುದರಿಂದ, ಅದನ್ನು ಕೊಂಡು ನಿರಾಶರಾದವರು ಗಾಜನ್ನು ಶಪಿಸಬಾರದು. ಸುಳಿಯನ್ನೇ ಬೇಡುವವರಿಗೆಂದು ಜೋಸೆಫ್ ಪೆಟ್ಸ್‌ವಾಲನ 1840ರ ವಿನ್ಯಾಸಕ್ಕೆ ಹೊಸ ಹಿತ್ತಾಳೆಯ ಅಂಗಿ ತೊಡಿಸಿ ಮಾರುವವರೂ ಈಗ ಇದ್ದಾರೆ. ಬೆಲೆಯನ್ನು ನೋಡಿದಾಗ ನನ್ನ ತಲೆಯಲ್ಲಿಯೂ ಒಂದು ಸುಳಿ ಎದ್ದಿತು. ಜಪಾನಿನ ಸೂಪರ್ ಟಾಕುಮಾರ್ 50 ಮಿಲಿಮೀಟರಿನದು ಬೇರೆಯೇ ಕಥೆ: ಅದರ ಕೆಲವು ಮಾದರಿಗಳ ಗಾಜಿನಲ್ಲಿ ಥೋರಿಯಮ್ ಬೆರೆತಿರುವುದರಿಂದ ವರ್ಷಗಳು ಕಳೆದಂತೆ ಅದು ಚಹದ ಬಣ್ಣ ಹಿಡಿಯುತ್ತದೆ. ಕೆಲವು ವಾರ ಬಿಸಿಲಿಗಿಟ್ಟರೆ ತಿಳಿಯಾಗುವುದೂ ಉಂಟು. ನಾನು ಬೇಸಗೆಯಲ್ಲಿ ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಹಾಕಿದ್ದೆನು. ಮನೆಯವರು ಮೊದಲು ಸಂಡಿಗೆಯನ್ನು ಬೇರೆಡೆಗೆ ಸರಿಸಿದರು.

ಕಳೆದ ಹಂಗಾಮಿನಲ್ಲಿ, ಚಿತ್ರ ತೆಗೆಯಲು ಬರುವ ಪ್ರವಾಸಿಗಳಿಂದ ಹೊಲದ ಬಾಯಲ್ಲಿ ತಲೆಗಿಷ್ಟೆಂದು ಹಣ ವಸೂಲು ಮಾಡುತ್ತಿದ್ದ ಒಬ್ಬ ರೈತ ಮಹಿಳೆಯು ತನ್ನದೊಂದು ಚಿತ್ರವಾಗಲೆಂದು ತಾನಾಗಿಯೇ ಹೂವುಗಳ ನಡುವೆ ಬಂದು ನಿಂತಳು. ಲೆನ್ಸಿನ ಮೈಮೇಲಿನ ಎರಡು ಬಳೆಗಳಲ್ಲಿ ಒಂದನ್ನು ಮಿತಿಗೆ ಕಟ್ಟಿ, ಇನ್ನೊಂದರಿಂದ ಅಪರ್ಚರನ್ನು ತೆರೆದು ಮುಚ್ಚುವ ಹೀಲಿಯೋಸಿನ ಕ್ರಮವನ್ನು ನಾನು ಸಾವಕಾಶವಾಗಿ ನಡೆಸುವಷ್ಟು ಹೊತ್ತೂ ಆಕೆ ಅಲುಗದೆ ನಿಂತಳು. ಚಿತ್ರವು ಈ ಲೆನ್ಸು ನನಗೆ ಕೊಟ್ಟವುಗಳಲ್ಲೆಲ್ಲ ಉತ್ತಮವಾಗಿತ್ತು. ಪರದೆಯ ಮೇಲೆ ತೋರಿಸಿದೆನು. ಬಹಳ ಹೊತ್ತು ನೋಡಿ, "ಇದ್ಯಾಕ ಸ್ವಾಮಿ, ಹೂವೆಲ್ಲ ತಿರುಗ್ತಾ ಅವ?" ಎಂದಳು. ಗಾಜು ಹಳೆಯದಮ್ಮ ಎಂದೆ. ಆಕೆ ಸೆರಗಿನ ಗಂಟಿನಿಂದ ತನ್ನ ಮೊಬೈಲನ್ನು ತೆಗೆದು ನನ್ನ ಕೈಗಿತ್ತು, "ಹಂಗಾದ್ರ ಇದ್ರಲ್ಲಿ ನೆಟ್ಟಗ ಒಂದ ತಗೀರಿ" ಎಂದಳು. ತೆಗೆದುಕೊಟ್ಟೆನು.